ಸೇತುಸಮುದ್ರ ಕಾಲುವೆ ಆಗಿದ್ದರೆ ನಮ್ಮ ಪಣಂಬೂರಿಗೆ ಏನಾದರೂ ಸಿಗುತ್ತಿತ್ತಾ?

ಕೊಟ್ಟಾರ ಚೌಕಿ:

ಹಡಗು ಎಲ್ಲಿದೆ ಅಂತ ತೋರಿಸುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡ ಮೇಲೆ ನನಗೆ ಬೇರೆ ಕೆಲಸವೇ ಬೇಡವಾಗಿದೆ. ಮೊನ್ನೆ ವಿಶಾಖಪಟ್ಟಣದಿಂದ ಹೊರಟ ಹಡಗೊಂದನ್ನು ಹಿಂಬಾಲಿಸುತ್ತಾ ಕೂತೆ. ಮಂಗಳೂರಿನ ನಮ್ಮ ಪಣಂಬೂರು ಬಂದರಿಗೆ ಬರುವ ಅದಿರಿನ ಹಡಗು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತ ಮೇಲೆ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಇಲ್ಲಿನ ಪೆಲ್ಲೆಟ್ ಕಾರ್ಖಾನೆಗೆ ಅದಿರು ಆ ಕಡೆಯಿಂದಲೂ ಸಮುದ್ರದಲ್ಲೇ ಬರುತ್ತದೆ ಅಲ್ವಾ.

ಹಡಗು ತಮಿಳುನಾಡಿನ ಕರಾವಳಿ ಹಿಡಿದು ರಾಮೇಶ್ವರದ ಹತ್ತಿರ ನುಸುಳಿ ಬರುತ್ತದೆ ಅಂತ ನಾನು ಕಾಯುತ್ತಿದ್ದೆ. ಅದು ಆ ಕಡೆ ತಿರುಗಿಯೂ ನೋಡಲಿಲ್ಲ. ಇಡೀ ಶ್ರೀಲಂಕಾವನ್ನು ಸುತ್ತಿ, ಕೊಲಂಬೊದ ಹೊರಗಿನಿಂದ ಮೇಲೆ ಹತ್ತಿ ಬಂತು. ಭಾರತದ ಒಂದು ಬಂದರಿನಿಂದ ಭಾರತದ ಇನ್ನೊಂದು ಬಂದರಿಗೆ ಬರಲು ಬೇರೆ ದೇಶಕ್ಕೆ ಸುತ್ತು ಹಾಕಬೇಕು!

ಇದಕ್ಕೇ ಅಲ್ವಾ ಭಾರತ ಶ್ರೀಲಂಕಾ ನಡುವಿನ ಕಡಿಮೆ ನೀರಿನ ಸಮುದ್ರ ಅಗೆದು ಸೇತುಸಮುದ್ರ ಕಾಲುವೆ ಮಾಡುತ್ತೇವೆ ಅಂತ ಹೊರಟಿದ್ದು? ಅದು ಆಗಿದ್ದರೆ ಮಂಗಳೂರಿಗೆ ನಿಜವಾಗಿ ಲಾಭ ಇತ್ತಾ? ಗೊತ್ತಿರುವವರು ಹೇಳಿ. ಪಕ್ಷದ ಜಗಳ ಬೇಡ ಮಾರಾಯ್ರೆ, ಅದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಮೇಷ್ಟ್ರು ಕಾರ್ಕಳ:

ಒಳ್ಳೆಯ ಪ್ರಶ್ನೆ. ಲಾಭ ನಷ್ಟ ಹಡಗಿನವರು ಹೇಳಲಿ, ನಾನು ಕಥೆ ಹೇಳುತ್ತೇನೆ.

ಇದು 2005ರ ಯೋಜನೆ ಅಂತ ಜನ ತಿಳಿದುಕೊಂಡಿದ್ದಾರೆ. ಅಲ್ಲ. 1860ರಲ್ಲಿ ಟೇಲರ್ ಎಂಬ ಬ್ರಿಟಿಷ್ ನೌಕಾ ಅಧಿಕಾರಿ ಮೊದಲು ಇದರ ಪ್ರಸ್ತಾವ ಇಟ್ಟ. ಆಗ ಸೂಯೆಜ್ ಕಾಲುವೆಯೇ ಇನ್ನೂ ತೆರೆದಿರಲಿಲ್ಲ. ಅಲ್ಲಿಂದ ಬ್ರಿಟಿಷರ ಕಾಲದಲ್ಲಿ ಪ್ರಸ್ತಾವದ ಮೇಲೆ ಪ್ರಸ್ತಾವ ಬಂತು. ಇಲ್ಲಿ ಅಗೆಯಿರಿ, ಅಲ್ಲಿ ಅಗೆಯಿರಿ ಅಂತ ಒಬ್ಬೊಬ್ಬರದು ಒಂದೊಂದು ದಾರಿ. ಯಾವುದೂ ಆಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ಎ. ರಾಮಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಮರುವರ್ಷ ವರದಿ ಬಂತು. ಅದರಲ್ಲಿ ಏನಿತ್ತು ಗೊತ್ತುಂಟಾ? ಕಾಲುವೆ ಬೇಕು, ಆದರೆ ಸಮುದ್ರದೊಳಗೆ ಆಡಮ್ಸ್ ಬ್ರಿಜ್, ಅಂದರೆ ನಾವು ರಾಮಸೇತು ಅನ್ನುವ ದಿಬ್ಬ, ಕಡಿದು ದಾರಿ ಮಾಡುವ ಯೋಚನೆ ಬಿಟ್ಟುಬಿಡಿ, ನೆಲದ ಮೇಲೆ ಕಾಲುವೆ ತೋಡಿ ಅಂತ. ಧರ್ಮದ ಮಾತು ಅಲ್ಲ, ಅಲ್ಲಿನ ಮರಳು ನಿಂತಲ್ಲಿ ನಿಲ್ಲುವುದಿಲ್ಲ ಅನ್ನುವುದು ಅವರ ತಕರಾರು. ಐವತ್ತು ವರ್ಷ ಬಿಟ್ಟು ಕೊನೆಗೆ ಆರಿಸಿದ್ದು ಅದೇ ಆಡಮ್ಸ್ ಬ್ರಿಜ್ ಕಡಿಯುವ ದಾರಿಯನ್ನು!

ಅದೇ ಸಮಿತಿ ತೂತುಕುಡಿ ಬಂದರನ್ನೂ ಕಾಲುವೆಯನ್ನೂ ಜೊತೆಜೊತೆಗೆ ಮಾಡಿ ಅಂದಿತ್ತು. ಬಂದರು ಆಯಿತು, ಕಾಲುವೆ ಉಳಿಯಿತು. ತೂತುಕುಡಿ ದೊಡ್ಡ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ. ನಮ್ಮ ನವಮಂಗಳೂರು ಬಂದರು ಸೇರಿದ್ದೂ ಅದೇ ವರ್ಷ, ಎರಡು ತಿಂಗಳು ಮೊದಲು.

ಆಮೇಲಿನದು ನಿಮಗೆಲ್ಲ ನೆನಪಿರಬಹುದು. 2005ರ ಜುಲೈ 2ಕ್ಕೆ ಮಧುರೈಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಉದ್ಘಾಟನೆ ಮಾಡಿದರು. ಅಂದಾಜು ವೆಚ್ಚ 2,427 ಕೋಟಿ ರೂಪಾಯಿ. 2007ರ ಆಗಸ್ಟ್ ಕೊನೆಗೆ, ಸುಬ್ರಮಣಿಯನ್ ಸ್ವಾಮಿ ಹಾಕಿದ ಅರ್ಜಿಯ ಮೇಲೆ, ರಾಮಸೇತುವಿಗೆ ಹಾನಿ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಆ ಭಾಗದ ಕೆಲಸ ನಿಂತಿತು.

ರಾಮಭಂಟ:

ನಿಂತದ್ದೇ ಒಳ್ಳೆಯದಾಯಿತು. ಶ್ರೀರಾಮ ಕಟ್ಟಿಸಿದ ಸೇತುವೆಯನ್ನು ಡ್ರೆಜ್ಜರ್ ಹಾಕಿ ಅಗೆಯುವುದಾ? ಕಪಿಸೇನೆ ಬಿಡಿ, ಅಳಿಲು ಕೂಡ ಸೇವೆ ಮಾಡಿದ ಜಾಗ ಅದು. ನಮ್ಮ ಭಾವನೆಗೆ ಬೆಲೆ ಇಲ್ವಾ?

ತೊಕ್ಕೊಟ್ಟು ಜಂಕ್ಷನ್:

ಶುರುವಾಯಿತು. ದೇವರ ಹೆಸರು ಹೇಳಿ ದೇಶಕ್ಕೆ ಬರುವ ಒಂದು ಕೆಲಸ ನಿಲ್ಲಿಸಿದರು, ಅಷ್ಟೇ ವಿಷಯ. ಆ ದಿಬ್ಬ ಮರಳು ಮತ್ತು ಸುಣ್ಣಕಲ್ಲಿನದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ.

ನಿರ್ವಾಹಕ:

ಇದರ ಕೆಳಗೆ ಬಂದ ಕೆಲವು ಕಮೆಂಟು ತೆಗೆದಿದ್ದೇನೆ. ನಂಬಿಕೆ ಇರುವವರು ಇಟ್ಟುಕೊಳ್ಳಿ, ಇಲ್ಲದವರು ಬಿಡಿ. 2007ರಲ್ಲಿ ಕೇಂದ್ರ ಸರ್ಕಾರವೇ ಪುರಾತತ್ವ ಇಲಾಖೆಯ ಹೆಸರಲ್ಲಿ ಒಂದು ಅಫಿಡವಿಟ್ ಹಾಕಿ, ಗಲಾಟೆ ಆದ ಮೇಲೆ ಎರಡೇ ದಿನದಲ್ಲಿ ವಾಪಸ್ ತೆಗೆದುಕೊಂಡಿತು. ಅವರಿಗೇ ಬಗೆಹರಿಯದ್ದನ್ನು ನಾವು ಇಲ್ಲಿ ಬಗೆಹರಿಸುವುದು ಬೇಡ. ಕೇಳಿದ್ದು ಪಣಂಬೂರಿನ ವಿಷಯ. ಅದಕ್ಕೆ ಬನ್ನಿ.

ಡೆಕ್ ಮೇಲಿನವ:

ನಾನು ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಆಫೀಸರ್. ಈಗ ರಜೆಯಲ್ಲಿ ಊರಲ್ಲಿದ್ದೇನೆ. ಹಡಗಿನ ದಾರಿ ಹಾಕುವುದು ನನ್ನದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಮೊದಲು ಆಳ. ಕಾಲುವೆಯ ಲೆಕ್ಕ 12 ಮೀಟರ್ ಆಳ, 300 ಮೀಟರ್ ಅಗಲ. 12 ಮೀಟರ್ ಆಳದಲ್ಲಿ 12 ಮೀಟರ್ ಮುಳುಗುವ ಹಡಗು ಹೋಗಲು ಆಗುವುದಿಲ್ಲ. ಅಡಿಯಲ್ಲಿ ನೀರು ಬೇಕಲ್ಲ. ಹಾಗಾಗಿ ಸುಮಾರು 10 ಮೀಟರ್ ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗುವ ಆಳ), ಅಂದರೆ 30 ಸಾವಿರ ಟನ್ ಆಸುಪಾಸಿನ ಹಡಗು ಅಂತ ಇಟ್ಟಿದ್ದರು.

ಕಡಿಮೆ ನೀರಿನಲ್ಲಿ ದೊಡ್ಡ ಹಡಗು ಓಡಿಸುವುದು ಹೇಗಿರುತ್ತದೆ ಅಂತ ಹೇಳಿದರೆ ಅರ್ಥ ಆದೀತು. ಹಡಗು ನಡೆಸುವ ಕೋಣೆಯಲ್ಲಿ ಎಕೋ ಸೌಂಡರ್ ಅಂತ ಒಂದು ಪರದೆ ಇರುತ್ತದೆ, ಅಡಿಯಲ್ಲಿ ಎಷ್ಟು ನೀರು ಉಂಟು ಅಂತ ತೋರಿಸುವುದು. ನಡುಸಮುದ್ರದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಚಾನೆಲ್ ಒಳಗೆ ಬಂದರೆ ಎಲ್ಲರ ಕಣ್ಣೂ ಅದರ ಮೇಲೆಯೇ. ಸ್ವಲ್ಪ ಸ್ಪೀಡ್ ಕೊಟ್ಟರೂ ಹಡಗು ಕೆಳಗೆ ಕುಸಿಯುತ್ತದೆ. ಅಡಿಯ ನೀರು ವೇಗವಾಗಿ ಹಿಂದಕ್ಕೆ ಹರಿದು ಒತ್ತಡ ಕಡಿಮೆ ಆಗುತ್ತದೆ, ಹಡಗನ್ನು ಕೆಳಗೆ ಎಳೆಯುತ್ತದೆ. ಇದಕ್ಕೆ ಸ್ಕ್ವಾಟ್ ಅಂತೇವೆ. ಸ್ಟಿಯರಿಂಗ್ ಭಾರ ಆಗುತ್ತದೆ, ಇಡೀ ಹಡಗು ನಡುಗುತ್ತದೆ, ಹಿಂದೆ ಏಳುವ ನೀರಿನ ಬಣ್ಣವೇ ಕೆಂಪಗೆ ಆಗುತ್ತದೆ. ಕ್ಯಾಪ್ಟನ್ ಬಾಯಲ್ಲಿ ಒಂದೇ ಮಾತು, ಸ್ಪೀಡ್ ಇಳಿಸಿ.

ಈಗ ಹೊತ್ತಿನ ಲೆಕ್ಕ. ಕಾಲುವೆಯ ಒಟ್ಟು ಉದ್ದ 167 ಕಿ.ಮೀ., ಅದರಲ್ಲಿ ಅರ್ಧದಷ್ಟು ಮಾತ್ರ ಅಗೆಯುವುದಿತ್ತು. 167 ಕಿ.ಮೀ. ಅಂದರೆ 90 ನಾಟಿಕಲ್ ಮೈಲು. ಹೊರಗೆ 14 ನಾಟ್‌ನಲ್ಲಿ, ಅಂದರೆ ಗಂಟೆಗೆ 14 ನಾಟಿಕಲ್ ಮೈಲಿನಂತೆ, ಹೋದರೆ ಅದು ಆರೂವರೆ ಗಂಟೆ. 8 ನಾಟ್ ಅಂತ ಮಿತಿ ಹಾಕಿದರೆ ಹನ್ನೊಂದು ಗಂಟೆ ದಾಟುತ್ತದೆ. ಮೇಲೆ ದಾರಿ ತೋರಿಸುವ ಪೈಲಟ್ ಹತ್ತಲು ಕಾಯಬೇಕು, ಇಳಿಯುವಾಗ ಕಾಯಬೇಕು, ಸುಂಕ ಬೇರೆ ಕಟ್ಟಬೇಕು.

ಸರ್ಕಾರ ಹೇಳಿದ್ದು ಗರಿಷ್ಠ 424 ನಾಟಿಕಲ್ ಮೈಲು, 30 ಗಂಟೆ ಉಳಿತಾಯ ಅಂತ. ಅದು ಸುಳ್ಳಲ್ಲ, ಆದರೆ ತೂತುಕುಡಿಯಿಂದ ಚೆನ್ನೈಗೆ ಹೋಗುವವನಿಗೆ. ಯುರೋಪಿನಿಂದಲೋ ಗಲ್ಫಿನಿಂದಲೋ ಕೋಲ್ಕತ್ತಕ್ಕೆ ಹೋಗುವವನಿಗೆ ಅಷ್ಟು ಎಲ್ಲಿ ಉಳಿಯುತ್ತದೆ? ಅವನು ಶ್ರೀಲಂಕಾದ ದಕ್ಷಿಣದ ಡೋಂಡ್ರಾ ತುದಿ ದಾಟಿ ಆಟೋಪೈಲಟ್ ಹಾಕಿ ಪೂರ್ತಿ ಸ್ಪೀಡಿನಲ್ಲಿ ಹೋಗುತ್ತಾನೆ. ಜೇಕಬ್ ಜಾನ್ ಅಂತ ಒಬ್ಬರು 2007ರಲ್ಲೇ ಇದನ್ನು ಲೆಕ್ಕ ಹಾಕಿ ಬರೆದಿದ್ದರು. ನೌಕಾಪಡೆಯ ನಿವೃತ್ತ ಕ್ಯಾಪ್ಟನ್ ಎಚ್. ಬಾಲಕೃಷ್ಣನ್ ಕೂಡ ಹಡಗಿನವರ ಲೆಕ್ಕದಲ್ಲಿ ಇದು ಗಿಟ್ಟುವುದಿಲ್ಲ ಅಂದಿದ್ದರು. ಆಗ ಟಿವಿಯಲ್ಲಿ ಎಲ್ಲರೂ ರಾಮ ಇದ್ದನಾ ಇಲ್ವಾ ಅಂತ ಕೂಗುತ್ತಿದ್ದರು. ಹಡಗಿನ ಲೆಕ್ಕ ಯಾರಿಗೆ ಬೇಕು!

ಕೊಟ್ಟಾರ ಚೌಕಿ:

ಭಾರಿ ಚೆನ್ನಾಗಿ ಹೇಳಿದಿರಿ ಅಣ್ಣ. ಹಾಗಾದರೆ ನಾನು ನೋಡಿದ ಆ ಅದಿರಿನ ಹಡಗು?

ಡೆಕ್ ಮೇಲಿನವ:

ಅದು ಎಷ್ಟು ಟನ್ನಿನದು ಅಂತ ಆ್ಯಪ್‌ನಲ್ಲೇ ಕಾಣುತ್ತದೆ, ನೋಡಿ. ಅದಿರು ಸಾಗಿಸುವವು ಹೆಚ್ಚಾಗಿ 50 ಸಾವಿರ ಟನ್ ಮೇಲಿನವೇ ಇರುತ್ತವೆ. ತುಂಬಿದಾಗ 12 ಮೀಟರಿಗೂ ಜಾಸ್ತಿ ಮುಳುಗುತ್ತವೆ. ಕಾಲುವೆ ಆಗಿದ್ದರೂ ಅದಕ್ಕೆ ದಾರಿ ಶ್ರೀಲಂಕಾ ಸುತ್ತಿಯೇ. ಖಾಲಿ ಹೋಗುವಾಗ ಬೇಕಾದರೆ ನುಗ್ಗಬಹುದಿತ್ತು. ಖಾಲಿ ಹಡಗಿಗೆ ಸುಂಕ ಕಟ್ಟಿ ಯಾವ ಮಾಲೀಕ ಕಾಲುವೆಗೆ ಕಳಿಸುತ್ತಾನೆ ಹೇಳಿ.

ಪಣಂಬೂರಿನ ಉಳಿದ ಸರಕು ತೆಗೆದುಕೊಳ್ಳಿ. ಕಚ್ಚಾತೈಲ ಬರುವುದು ಪಶ್ಚಿಮದಿಂದ, ಅದಕ್ಕೂ ಕಾಲುವೆಗೂ ಸಂಬಂಧವೇ ಇಲ್ಲ. ತೀರಾ ದೊಡ್ಡ ತೈಲ ಹಡಗುಗಳು ಬಂದರಿನ ಒಳಗೇ ಬರುವುದಿಲ್ಲ, ಹೊರಗೆ ಸಮುದ್ರದಲ್ಲಿ ತೇಲುವ ಬೋಯಿಗೆ ಕಟ್ಟಿ ಪೈಪಿನಲ್ಲಿ ಇಳಿಸುತ್ತವೆ. ಪಡುಬಿದ್ರಿ ಕಡೆಯ ಕರೆಂಟ್ ಸ್ಥಾವರಕ್ಕೆ ಇಂಡೋನೇಷ್ಯಾ ಕಲ್ಲಿದ್ದಲು ಬಂದರೆ ಅದರ ದಾರಿ ಮಲಾಕ್ಕಾ ಕಡೆಯಿಂದ ನೇರ ಡೋಂಡ್ರಾ, ಅಲ್ಲಿಂದ ಇಲ್ಲಿಗೆ. ಭಾರತ ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಗೆ ಹೋಗುವುದೇ ಅದಕ್ಕೆ ಸುತ್ತು.

ಒಟ್ಟಿನಲ್ಲಿ ನಮಗೆ ಸಿಗುತ್ತಿದ್ದದ್ದು ಚೆನ್ನೈಗೋ ಕಾಕಿನಾಡಕ್ಕೋ ಹೋಗಿಬರುವ ಸಣ್ಣ ಹಡಗುಗಳ ಸ್ವಲ್ಪ ಉಳಿತಾಯ. ಅಂಥವು ಎಷ್ಟಿವೆ?

ಬೈಕಂಪಾಡಿ ಹಳಬ:

ಆಫೀಸರ್ ಹೇಳಿದ್ದು ಹಡಗಿನ ಮಾತು. ನಾನು ಕೆಸರಿನ ಮಾತು ಹೇಳುತ್ತೇನೆ. ಡ್ರೆಜ್ಜರಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು.

ಪಣಂಬೂರು ಬಂದರು ದೇವರು ಕೊಟ್ಟದ್ದಲ್ಲ, ಮನುಷ್ಯ ತೋಡಿದ್ದು. ಒಳಗಿನ ನೆಲ ಅಗೆದು ಕೆರೆ ಮಾಡಿ, ಸಮುದ್ರಕ್ಕೆ ಏಳೆಂಟು ಕಿ.ಮೀ. ಉದ್ದ ಚಾನೆಲ್ ಎಳೆದಿದ್ದಾರೆ. ಅಲ್ಲಿ ನೀರು 14-15 ಮೀಟರ್ ಉಂಟು ಅಂದರೆ ಅದು ತಾನಾಗಿ ಇರುವುದಲ್ಲ, ಪ್ರತಿವರ್ಷ ಹೂಳೆತ್ತಿ ಇಟ್ಟುಕೊಳ್ಳುವುದು. ಮಳೆಗಾಲ ಬಂದರೆ ಅಲೆ ತಳ ಕಲಕಿ ಕೆಸರನ್ನು ತಂದು ಚಾನೆಲಿಗೆ ಸುರಿಯುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ಕೆಲಸ ಶುರು.

ಡ್ರೆಜ್ಜರ್ ಅಂದರೆ ಅದೇ ಒಂದು ಹಡಗು. ಪಕ್ಕದಲ್ಲಿ ದಪ್ಪ ಪೈಪ್ ಇಳಿಸಿ ತಳದ ಕೆಸರನ್ನು ನೀರಿನ ಜೊತೆ ಎಳೆದು ಹೊಟ್ಟೆಗೆ ತುಂಬಿಸಿಕೊಳ್ಳುತ್ತದೆ. ಮೇಲಿನ ನೀರು ಹೊರಗೆ ಚೆಲ್ಲುತ್ತದೆ, ಕೆಸರು ಒಳಗೆ ಕೂರುತ್ತದೆ. ತುಂಬಿದ ಮೇಲೆ ದೂರ ಸಮುದ್ರಕ್ಕೆ ಹೋಗಿ ಅಡಿಯ ಬಾಗಿಲು ತೆಗೆದರೆ ಎಲ್ಲ ಸುರಿದು ಹಡಗು ಒಮ್ಮೆಲೇ ಮೇಲೆ ಏಳುತ್ತದೆ. ಕಾಲಡಿಯಲ್ಲೇ ಗೊತ್ತಾಗುತ್ತದೆ ಅದು. ಮತ್ತೆ ವಾಪಸ್, ಮತ್ತೆ ಪೈಪ್. ಹಗಲು ರಾತ್ರಿ ಅದೇ.

ನಮ್ಮ ಈ ಚಿಕ್ಕ ಚಾನೆಲಿಗೇ ಇಷ್ಟು ಪಾಡು. ಅಲ್ಲಿ ಎಂಬತ್ತು ಕಿ.ಮೀ. ಮೇಲೆ. ಅದೂ ಎಲ್ಲಿ? ಪಾಕ್ ಕೊಲ್ಲಿಯಲ್ಲಿ. ಎರಡೂ ಕಡೆಯ ಸಮುದ್ರ ಮರಳನ್ನು ಹೊತ್ತು ತಂದು ಇಳಿಸುವ ಜಾಗ. ಪಣಂಬೂರು ಬೀಚಿನಲ್ಲಿ ಮಕ್ಕಳು ನೀರಿನ ಅಂಚಿಗೆ ಹೊಂಡ ತೋಡುತ್ತಾರಲ್ಲ, ಒಂದು ಅಲೆ ಬಂದರೆ ಬದಿ ಜರಿದು ಮುಚ್ಚುತ್ತದೆ, ಹಾಗೆ. ಸಾಲದ್ದಕ್ಕೆ ಚಂಡಮಾರುತದ ದಾರಿ. 1964ರ ಡಿಸೆಂಬರಿನಲ್ಲಿ ಧನುಷ್ಕೋಡಿ ಊರಿಗೆ ಊರೇ ಹೋಯಿತು, ರೈಲು ಸಮೇತ. ಅಂಥ ಒಂದು ಗಾಳಿ ಬಂದರೆ ತೋಡಿದ್ದೆಲ್ಲ ಮತ್ತೆ ಮೊದಲಿನಿಂದ.

ಆಡಮ್ಸ್ ಬ್ರಿಜ್ ಹತ್ತಿರ ಮೇಲೆ ಮರಳು, ಕೆಳಗೆ ಗಟ್ಟಿ. ಅಲ್ಲಿಗೆ ಹೀರುವ ಡ್ರೆಜ್ಜರ್ ಸಾಲದು, ಕಡಿಯುವ ಡ್ರೆಜ್ಜರ್ ಬೇಕು. ತಂದರು. ಅದರ ಸ್ಪಡ್, ಅಂದರೆ ಹಡಗನ್ನು ತಳಕ್ಕೆ ಊರಿ ನಿಲ್ಲಿಸುವ ಉಕ್ಕಿನ ಕಂಬ, ಮುರಿದು ಸಮುದ್ರಕ್ಕೆ ಬಿತ್ತು ಅಂತ ಆಗ ಪೇಪರಿನಲ್ಲಿ ಬಂದಿತ್ತು. ನಮ್ಮ ಹುಡುಗರು ವಾರಗಟ್ಟಲೆ ಅದೇ ಮಾತಾಡುತ್ತಿದ್ದರು.

ಉದ್ಘಾಟನೆಗೆ ಸಾವಿರ ಜನ ಬರುತ್ತಾರೆ. ಹತ್ತು ವರ್ಷ ಬಿಟ್ಟು ಹೂಳೆತ್ತುವ ಬಿಲ್ಲಿಗೆ ಸಹಿ ಹಾಕಲು ಯಾರೂ ಬರುವುದಿಲ್ಲ.

ಮಲ್ಪೆ ಬೋಟು:

ಹಳಬರು ಹೇಳಿದ್ದು ನೂರಕ್ಕೆ ನೂರು ನಿಜ. ಅಳಿವೆ ಬಾಗಿಲಲ್ಲಿ ಹೊಯ್ಗೆ ತುಂಬಿ ಇಳಿತದ ಹೊತ್ತಿಗೆ ಬೋಟು ತಳ ತಾಗುವುದು ನಮಗೆ ಹೊಸದಲ್ಲ. ಮೀನು ತುಂಬಿಕೊಂಡು ಬಂದು ಹೊರಗೆ ಉಬ್ಬರಕ್ಕೆ ಕಾಯುತ್ತಾ ನಿಲ್ಲುವುದು. ಐಸ್ ಕರಗುತ್ತದೆ, ರೇಟು ಇಳಿಯುತ್ತದೆ.

ಅಲ್ಲಿನ ಮೀನುಗಾರರ ಮಾತು ಯಾರೂ ಎತ್ತಲಿಲ್ಲ ಇಲ್ಲಿ. ನನ್ನ ಬೋಟಿನಲ್ಲಿ ರಾಮನಾಥಪುರದ ಕಡೆಯ ಕಲಾಸಿಗಳು ಇದ್ದಾರೆ. ಅವರಲ್ಲಿ ಹಿರಿಯ ಒಬ್ಬರು ಹೇಳುತ್ತಿದ್ದರು. ಕಾಲುವೆ ಬಂದರೆ ಅದನ್ನು ದಾಟಿ ಮೀನಿಗೆ ಹೋಗಲು ಬಿಡುತ್ತಾರಾ, ಬಲೆ ಹಾಕಲು ಬಿಡುತ್ತಾರಾ ಅಂತ ಊರಲ್ಲಿ ಎಲ್ಲರಿಗೂ ಹೆದರಿಕೆ ಇತ್ತಂತೆ. ಒಂದು ಬದಿಯಲ್ಲಿ ಶ್ರೀಲಂಕಾದ ಗಡಿ, ದಾಟಿದರೆ ಹಿಡಿದು ಒಳಗೆ ಹಾಕುತ್ತಾರೆ. ಇನ್ನೊಂದು ಬದಿಯಲ್ಲಿ ಹಡಗಿನ ಕಾಲುವೆ. ನಡುವೆ ಉಳಿಯುವುದು ಎಷ್ಟು? ಅಗೆದ ಕೆಸರು ಎಲ್ಲಿ ಹಾಕುತ್ತಾರೆ ಅನ್ನುವುದು ಬೇರೆ ತಲೆಬಿಸಿ. ಕೆಸರು ನೀರಿನಲ್ಲಿ ಹವಳ ಉಳಿಯುವುದಿಲ್ಲ, ಹವಳ ಹೋದರೆ ಮೀನೂ ಹೋಯಿತು.

ಸುರತ್ಕಲ್ ಹಾಸ್ಟೆಲ್:

ಮಲ್ಪೆ ಅಣ್ಣ ಹೇಳಿದ ಹವಳದ ಬಗ್ಗೆ ಒಂದು ಮಾತು. ಕಾಲುವೆಯ ದಕ್ಷಿಣ ಬದಿಯಲ್ಲಿ ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನ ಉಂಟು, 1986ರಲ್ಲಿ ಆದದ್ದು. 21 ದ್ವೀಪ. ಕಡಲಹಸು ಬದುಕಿರುವ ಕೆಲವೇ ಜಾಗಗಳಲ್ಲಿ ಆ ಕಡಲೂ ಒಂದು. ಪರಿಸರದ ಅಧ್ಯಯನ ಮುಗಿದದ್ದು 2004ರಲ್ಲಿ. ಅದೇ ವರ್ಷ ಡಿಸೆಂಬರ್ 26ಕ್ಕೆ ಸುನಾಮಿ ಬಂತು. ಆರು ತಿಂಗಳು ಕಳೆಯುತ್ತಲೇ ಉದ್ಘಾಟನೆ! ಸುನಾಮಿ ತಜ್ಞ ಟ್ಯಾಡ್ ಮೂರ್ತಿ ಕಾಲುವೆಯ ದಾರಿಯ ಬಗ್ಗೆ ಆಗಲೇ ಎಚ್ಚರಿಕೆ ಕೊಟ್ಟಿದ್ದರು.

ಎರಡು ಅಡ್ಯಾರ್:

ಹುಟ್ಟಿದ್ದು ಮಂಗಳೂರಿನ ಅಡ್ಯಾರಿನಲ್ಲಿ, ಇರುವುದು ಚೆನ್ನೈಯ ಅಡ್ಯಾರಿನಲ್ಲಿ. ಹಾಗಾಗಿ ಈ ಕಡೆಯವರ ಪರವಾಗಿ ನಾನೂ ಸ್ವಲ್ಪ ಮಾತಾಡುತ್ತೇನೆ. ಇಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ.

ಪಣಂಬೂರಿಗೆ ಲಾಭ ಇಲ್ಲ, ಒಪ್ಪಿದೆ. ಪಣಂಬೂರಿಗೆ ಅಂತ ಮಾಡಿದ್ದಲ್ಲವಲ್ಲ! ತೂತುಕುಡಿಯ ಕರೆಂಟ್ ಸ್ಥಾವರಕ್ಕೆ ಕಲ್ಲಿದ್ದಲು ಬರುವುದು ಒಡಿಶಾ, ಬಂಗಾಳದ ಕಡೆಯ ಬಂದರುಗಳಿಂದ. ಅದು ಪ್ರತಿಸಲ ಶ್ರೀಲಂಕಾ ಸುತ್ತಿ ಬರಬೇಕು. ಕೋಸ್ಟ್ ಗಾರ್ಡ್, ನೇವಿಯ ದೊಡ್ಡ ಹಡಗುಗಳು ಪೂರ್ವದಿಂದ ಪಶ್ಚಿಮಕ್ಕೆ ನಮ್ಮದೇ ನೀರಿನಲ್ಲಿ ಹೋಗಲು ಆಗುವುದಿಲ್ಲ. ರಾಮನಾಥಪುರ ಬರಗಾಲದ ಜಿಲ್ಲೆ, ಅಲ್ಲಿಗೆ ಒಂದು ಸಣ್ಣ ಬಂದರು ಬಂದರೂ ಎಷ್ಟೋ ಕೆಲಸ ಹುಟ್ಟುತ್ತಿತ್ತು. ಅಣ್ಣಾದೊರೈ ಮುಖ್ಯಮಂತ್ರಿ ಆದಾಗಿನಿಂದ ತಮಿಳರ ದೊಡ್ಡ ಕನಸು ಇದು. 2023ರ ಜನವರಿಯಲ್ಲಿ ವಿಧಾನಸಭೆ ಮತ್ತೆ ಒಮ್ಮತದಿಂದ ನಿರ್ಣಯ ಮಾಡಿತು, ಕಾಲುವೆ ಮಾಡಿ ಅಂತ.

ಮತ್ತೆ ಹೂಳೆತ್ತುವ ಖರ್ಚು ಅಂತ ಹೆದರಿಸುವವರಿಗೆ ಒಂದು ಪ್ರಶ್ನೆ. ಪಣಂಬೂರಿಗೂ ಅದೇ ಖರ್ಚು ಉಂಟಲ್ಲ? ಅದಕ್ಕೆ ಹೆದರಿದ್ದರೆ ಇವತ್ತು ಬಂದರೂ ಇಲ್ಲ, ಬೈಕಂಪಾಡಿಯ ಕಾರ್ಖಾನೆಗಳೂ ಇಲ್ಲ. ಹಳಬರಿಗೆ ಪೆನ್ಶನ್ನೂ ಇಲ್ಲ!

ಬೈಕಂಪಾಡಿ ಹಳಬ:

ಹಹ್ಹಾ. ಪೆನ್ಶನ್ ವಿಷಯಕ್ಕೆ ಬರಬೇಡಿ ಮಾರಾಯ್ರೆ.

ಪಣಂಬೂರಿಗೆ ಹಡಗು ಬಂದೇ ಬರುತ್ತದೆ, ಯಾಕೆಂದರೆ ಸರಕು ಇಳಿಯಬೇಕಾದದ್ದು ಇಲ್ಲೇ. ಬೇರೆ ದಾರಿ ಇಲ್ಲ, ದುಡ್ಡು ಕಟ್ಟಲೇಬೇಕು. ಕಾಲುವೆ ಹಾಗಲ್ಲ. ಹೊರಗೆ ಪುಕ್ಕಟೆ ಸಮುದ್ರ ಉಂಟು. ಸುಂಕ ಎರಡು ರೂಪಾಯಿ ಏರಿಸಿದರೆ ಹಡಗು ಆ ಕಡೆಯಿಂದ ಹೋಗುತ್ತದೆ. ಇಳಿಸಿದರೆ ಹೂಳೆತ್ತಲು ದುಡ್ಡಿಲ್ಲ.

ಡೆಕ್ ಮೇಲಿನವ:

ಕಲ್ಲಿದ್ದಲಿನ ವಿಷಯದಲ್ಲಿ ಅಡ್ಯಾರ್ ಅಣ್ಣ ಹೇಳಿದ್ದು ಗಟ್ಟಿ ಮಾತು. ತೂತುಕುಡಿಗೆ ಹೋಗುವ ಕಲ್ಲಿದ್ದಲು ನಿಜವಾಗಿಯೂ ಉಳಿಸುತ್ತಿತ್ತು, ಹಡಗು ಸಣ್ಣದಿದ್ದರೆ. ತೊಂದರೆ ಅಲ್ಲೇ. ಟನ್ನಿಗೆ ಬಾಡಿಗೆ ಕಡಿಮೆ ಆಗಬೇಕು ಅಂತ ಎಲ್ಲರೂ ದೊಡ್ಡ ಹಡಗಿಗೆ ಹೋಗುತ್ತಿದ್ದಾರೆ. 2005ರಲ್ಲಿ ಯೋಚಿಸಿದ ಅಳತೆ ಈಗಿನ ಹಡಗಿಗೆ ಇನ್ನೂ ಬಿಗಿ.

ಸೂಯೆಜ್ ಜೊತೆ ಹೋಲಿಸುವವರೂ ಇದ್ದಾರೆ. ಲಂಡನ್ನಿನಿಂದ ಮುಂಬೈಗೆ ಆಫ್ರಿಕಾ ಸುತ್ತುವ ಬದಲು ಸೂಯೆಜ್ ಹಿಡಿದರೆ 4,000 ನಾಟಿಕಲ್ ಮೈಲಿಗೂ ಜಾಸ್ತಿ ಉಳಿಯುತ್ತದೆ. ಅಷ್ಟು ಉಳಿದರೆ ಎಷ್ಟು ಸುಂಕ ಕೇಳಿದರೂ ಕಟ್ಟುತ್ತಾರೆ. ಇಲ್ಲಿ ತೂತುಕುಡಿಯವನಿಗೆ ಬಿಟ್ಟರೆ ಉಳಿದವರಿಗೆ ಅದರ ಹತ್ತರಲ್ಲಿ ಒಂದೂ ಇಲ್ಲ.

ತೊಕ್ಕೊಟ್ಟು ಜಂಕ್ಷನ್:

ಇದೆಲ್ಲ ಸರಿ, ಆದರೆ ಖರ್ಚು ಮಾಡಿದ ದುಡ್ಡು ಎಲ್ಲಿ ಹೋಯಿತು?

ಮೇಷ್ಟ್ರು ಕಾರ್ಕಳ:

ಸಮುದ್ರಕ್ಕೆ. ಸುಮ್ನೆ ಹೇಳುವುದಲ್ಲ. 2012ರ ಹೊತ್ತಿಗೆ ಸುಮಾರು 766 ಕೋಟಿ ಖರ್ಚಾಗಿತ್ತು. ಆಡಮ್ಸ್ ಬ್ರಿಜ್ ಭಾಗ 2007ರಲ್ಲಿ ನಿಂತರೂ ಉತ್ತರದ ಪಾಕ್ ಜಲಸಂಧಿ ಭಾಗದಲ್ಲಿ ಅಗೆಯುವುದು 2009ರವರೆಗೂ ನಡೆಯಿತು. ಆಡಮ್ಸ್ ಬ್ರಿಜ್ ದಾಟುವ ದಾರಿಯೇ ಇಲ್ಲದೆ ಒಂದು ತುದಿಯನ್ನು ಮಾತ್ರ ಅಗೆದರೆ ಯಾವ ಹಡಗು ಎಲ್ಲಿಗೆ ಹೋಗುವುದು?

ಬೇರೆ ದಾರಿ ಹುಡುಕಲು ಆರ್.ಕೆ. ಪಚೌರಿ ಸಮಿತಿ ಮಾಡಿದರು. ಧನುಷ್ಕೋಡಿಯ ನೆಲದ ಮೇಲೆ ಹೋಗುವ ದಾರಿಯೂ ಹಣದ ಲೆಕ್ಕದಲ್ಲಿ, ಪರಿಸರದ ಲೆಕ್ಕದಲ್ಲಿ ಗಿಟ್ಟುವುದಿಲ್ಲ ಅಂತ ಅದು ಹೇಳಿತು. 2018ರಲ್ಲಿ ಕೇಂದ್ರ, ರಾಮಸೇತುವಿಗೆ ಕೈ ಹಾಕುವುದಿಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟಿತು. ಯೋಜನೆ ರದ್ದು ಅಂತ ಬಾಯಿಬಿಟ್ಟು ಹೇಳಲು ಮಾತ್ರ ಯಾವ ಸರ್ಕಾರಕ್ಕೂ ಮನಸ್ಸಿಲ್ಲ.

ರಾಮಭಂಟ:

ನಾನು ಹೇಳಿದ್ದೂ ನಿಲ್ಲಿಸಿದ್ದು ಸರಿ ಅಂತ. ಈಗ ಎಲ್ಲರೂ ಅದನ್ನೇ ಹೇಳುತ್ತಿದ್ದೀರಿ.

ತೊಕ್ಕೊಟ್ಟು ಜಂಕ್ಷನ್:

ನೀವು ಹೇಳಿದ ಕಾರಣಕ್ಕೆ ಅಲ್ಲ ಮಾರಾಯಾ. ಕಾರಣ ಬೇರೆ ಇತ್ತು, ಅದನ್ನು ಯಾರೂ ಕೋರ್ಟಿನಲ್ಲಿ ಜೋರಾಗಿ ವಾದಿಸಲಿಲ್ಲ ಅಂತ ನನ್ನ ಸಂಕಟ. ನಾಳೆ ಇನ್ನೊಂದು ಕಡೆ ಇಂಥದೇ ಕಾಲುವೆ ತಂದರೆ, ಅಲ್ಲಿ ದೇವಸ್ಥಾನ ಇಲ್ಲದಿದ್ದರೆ, ನಿಲ್ಲಿಸುವವರು ಯಾರು?

ಸುರತ್ಕಲ್ ಹಾಸ್ಟೆಲ್:

ಬೇರೆ ದೇಶಗಳಲ್ಲೂ ಆಗದೆ ಉಳಿದ ಕಾಲುವೆ ಬೇಕಾದಷ್ಟು ಉಂಟು. ನನಗೆ ಇದು ಸ್ವಲ್ಪ ಹುಚ್ಚು, ಹಾಗಾಗಿ ಹೇಳುತ್ತೇನೆ.

ಥಾಯ್ಲೆಂಡಿನ ಕ್ರಾ ಕಾಲುವೆ ಸೇತುಸಮುದ್ರಕ್ಕಿಂತಲೂ ಹಳೆಯ ಕನಸು. 1677ರಲ್ಲೇ ಅಲ್ಲಿನ ರಾಜ ನಾರಾಯ್ ಒಬ್ಬ ಫ್ರೆಂಚ್ ಎಂಜಿನಿಯರಿಗೆ ನೋಡಲು ಹೇಳಿದ್ದ. ನೆಲ ತೀರಾ ಕಿರಿದಾದ ಕಡೆ 44 ಕಿ.ಮೀ. ಅಷ್ಟೇ. ಅಗೆದರೆ ಹಡಗುಗಳು ಸಿಂಗಾಪುರಕ್ಕೆ ಹೋಗುವುದೇ ಬೇಡ. ಬ್ರಿಟಿಷರು ಬಿಡುತ್ತಾರಾ? 1946ರ ಒಪ್ಪಂದದಲ್ಲಿ, ನಮ್ಮನ್ನು ಕೇಳದೆ ಕಾಲುವೆ ತೋಡುವಂತಿಲ್ಲ ಅಂತಲೇ ಬರೆಸಿಕೊಂಡರು. 1970ರ ದಶಕದಲ್ಲಿ ಅಣುಸ್ಫೋಟ ಮಾಡಿ ಅಗೆಯುವ ಯೋಚನೆ ಕೂಡ ಇತ್ತು ಅಂದರೆ ನಂಬುತ್ತೀರಾ? ಈಗ ಕಾಲುವೆ ಬಿಟ್ಟು ಎರಡು ಬಂದರು, ನಡುವೆ ರಸ್ತೆ ರೈಲು ಅಂತ ಮಾತಾಡುತ್ತಿದ್ದಾರೆ.

ಅಮೆರಿಕದ ಫ್ಲಾರಿಡಾದಲ್ಲಿ 1935ರಲ್ಲಿ ಶುರು ಮಾಡಿ ನಿಲ್ಲಿಸಿದರು, 1964ರಲ್ಲಿ ಮತ್ತೆ ಶುರು ಮಾಡಿದರು, ಮೂರನೇ ಒಂದು ಭಾಗ ಆದ ಮೇಲೆ 1971ರಲ್ಲಿ ಅಧ್ಯಕ್ಷ ನಿಕ್ಸನ್ ನಿಲ್ಲಿಸಿಬಿಟ್ಟರು. ಹೋರಾಟದ ಮುಂದೆ ನಿಂತವರು ಮಾರ್ಜರಿ ಹ್ಯಾರಿಸ್ ಕಾರ್ ಎಂಬ ಹೆಂಗಸು. ಈಗ ಆ ಜಾಗ ಜನ ನಡೆಯುವ, ಸೈಕಲ್ ಓಡಿಸುವ 110 ಮೈಲಿಯ ಹಸಿರು ಪಟ್ಟಿ, ಅವರದೇ ಹೆಸರಿನಲ್ಲಿ. ತೊಕ್ಕೊಟ್ಟು ಅಣ್ಣ ಕೇಳಿದರಲ್ಲ, ದೇವಸ್ಥಾನ ಇಲ್ಲದಿದ್ದರೆ ಯಾರು ನಿಲ್ಲಿಸುತ್ತಾರೆ ಅಂತ. ಅಲ್ಲಿ ನಿಂತದ್ದು ನದಿಯ ಹೆಸರಿನಲ್ಲಿ.

ನಿಕರಾಗುವಾದ್ದು ಬೇರೆಯೇ ತಮಾಷೆ. ಚೀನಾದ ಒಬ್ಬ ಉದ್ಯಮಿಗೆ 2013ರಲ್ಲಿ ಕೊಟ್ಟರು, 5,000 ಕೋಟಿ ಡಾಲರ್ ಅಂದರು, 2014ರಲ್ಲಿ ಪೂಜೆಯೂ ಆಯಿತು. 2024ರಲ್ಲಿ ಆ ಕಾನೂನನ್ನೇ ರದ್ದು ಮಾಡಿದರು.

ಎರಡು ಅಡ್ಯಾರ್:

ತಂಗಿ ಚೆನ್ನಾಗಿ ಓದಿದ್ದೀರಿ. ಪರೀಕ್ಷೆಗೆ ಇದು ಬರುವುದಿಲ್ಲ ಅಂತ ಯಾರಾದರೂ ಹೇಳಿ ಅವರಿಗೆ.

ಬಂದರ್ ದಕ್ಕೆ:

ತಡವಾಗಿ ಬಂದೆ. ನನಗೆ ಒಂದೇ ಪ್ರಶ್ನೆ. ದೊಡ್ಡ ಹಡಗು ಬಿಡಿ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಹೋಗುವ ಮಂಜಿಗಳು ಉಂಟಲ್ಲ. ಅಂಥದ್ದು ಈಗಲೂ ರಾಮೇಶ್ವರದ ಆಚೆಗೆ ದಾಟಿ ಹೋಗಬಹುದಾ?

ಡೆಕ್ ಮೇಲಿನವ:

ಹೋಗಬಹುದು. ಆಡಮ್ಸ್ ಬ್ರಿಜ್ ಮೇಲೆ ಅಲ್ಲ, ಪಾಂಬನ್‌ನಲ್ಲಿ. ರಾಮೇಶ್ವರ ದ್ವೀಪಕ್ಕೂ ನೆಲಕ್ಕೂ ನಡುವೆ ಇರುವ ಸಣ್ಣ ದಾರಿ ಅದು, ಬ್ರಿಟಿಷರೇ 19ನೇ ಶತಮಾನದಲ್ಲಿ ಬಂಡೆ ಒಡೆದು ಸ್ವಲ್ಪ ಆಳ ಮಾಡಿದ್ದರು. 1914ರ ಹಳೆ ರೈಲು ಸೇತುವೆ ನಡುವಿನಲ್ಲಿ ತೆರೆದುಕೊಳ್ಳುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸದರಲ್ಲಿ 72.5 ಮೀಟರಿನ ಒಂದು ಭಾಗ ಹಾಗೇ ನೇರ 17 ಮೀಟರ್ ಮೇಲಕ್ಕೆ ಏಳುತ್ತದೆ. ಅಲ್ಲಿನ ಬಂದರು ಕಚೇರಿಗೆ ಹೇಳಿ, ಸೇತುವೆ ಎತ್ತುವ ದಿನಕ್ಕೆ ಕಾದು, ಪೈಲಟ್ ಹತ್ತಿಸಿಕೊಂಡು ದಾಟಬೇಕು. ನೀರು ಕಡಿಮೆ, ಸೆಳೆತ ಜಾಸ್ತಿ. ಮೀನಿನ ಬೋಟು, ಬಾರ್ಜು, ಕೋಸ್ಟ್ ಗಾರ್ಡಿನ ಸಣ್ಣ ಹಡಗುಗಳು ದಾಟುತ್ತವೆ.

ಮಂಜಿಗೆ ದಾರಿ ಉಂಟು ಸಾಹೇಬ್ರೆ. ಆದರೆ ಇಲ್ಲಿಂದ ನಾಗಪಟ್ಟಣಕ್ಕೆ ಏನು ತುಂಬಿಸಿ ಕಳಿಸುತ್ತೀರಿ?

ಬಂದರ್ ದಕ್ಕೆ:

ಹಿಂದಿನ ಕಾಲ ಆಗಿದ್ದರೆ ಹೆಂಚು ಅನ್ನುತ್ತಿದ್ದೆ. ಈಗ ಲಾರಿಯವನು ರಾತ್ರಿ ಹೊರಟರೆ ಮಾರನೆ ದಿನ ಅಲ್ಲಿ ಇಳಿಸುತ್ತಾನೆ. ವಿಚಾರಿಸಿ ನೋಡುತ್ತೇನೆ, ವಾಪಸ್ ಬರುವಾಗ ಉಪ್ಪು ಸಿಕ್ಕಿದರೂ ಬಾಡಿಗೆ ಹುಟ್ಟೀತು.